ಎಂಜಿನ್ ಆಫ್ ಮಾಡಿ ಮಲಗು

ಚಿ. ಮಂಜುವಿಗೆ ಮಾವನ ಆಶೀರ್ವಾದಗಳು.

ರಾತ್ರಿ ಎರಡು ಏರ್‌ಪೋರ್ಟ್ ಟ್ರಿಪ್ ನಡುವೆ ಗಾಡಿಯಲ್ಲೇ ಮಲಗುತ್ತೀಯಂತೆ, ಅಕ್ಕ ಹೇಳಿದಳು. ನಿದ್ದೆಗಣ್ಣಲ್ಲಿ ಓಡಿಸುವುದಕ್ಕಿಂತ ಅದೇ ವಾಸಿ. ಆದರೆ ಸೊಳ್ಳೆ ಕಾಟಕ್ಕೆ ಗ್ಲಾಸ್ ಏರಿಸಿ, ಎ.ಸಿ. ಹಾಕಿಕೊಂಡು ಮಲಗುತ್ತೀಯ ಅಂತ ಕೇಳಿದ ಮೇಲೆ ನನಗೆ ಸಮಾಧಾನವಿಲ್ಲ. ಗ್ಯಾರೇಜಿನಲ್ಲಿ ಎಷ್ಟು ಸೈಲೆನ್ಸರ್ ಬಿಚ್ಚಿದ್ದೇನೆ ಅಂತ ನಿನಗೇ ಗೊತ್ತು.

ಗ್ಲಾಸ್ ಮುಚ್ಚಿದರೆ ಉಸಿರುಕಟ್ಟುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಎಂಜಿನ್ ಆಫ್ ಇದ್ದರೆ ಅದು ಅಷ್ಟು ದೊಡ್ಡ ಭಯವಲ್ಲ. ಸಂದುಗೊಂದುಗಳಿಂದ ಒಂದಿಷ್ಟು ಗಾಳಿ ಬಂದೇ ಬರುತ್ತದೆ. ಆದರೆ ಸಾಲದು. ನೀನು ಬಿಟ್ಟ ಉಸಿರೇ ಒಳಗೆ ತುಂಬಿ, ಎದ್ದಾಗ ತಲೆ ಭಾರ, ಗ್ಲಾಸಿನ ಒಳಮೈಯೆಲ್ಲ ನೀರು. ಅದಕ್ಕೆ ಎರಡು ಬೆರಳಷ್ಟು ಸಂದು ಸಾಕು.

ಪ್ರಾಣ ತೆಗೆಯುವುದು ಓಡುತ್ತಿರುವ ಎಂಜಿನ್. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಗಾಡಿ ಓಡುವಾಗ ಹೊಗೆ ಹಿಂದೆ ಹಾರಿಹೋಗುತ್ತದೆ. ನಿಂತಾಗ ಗಾಡಿ ಕೆಳಗೇ ಸೇರುತ್ತದೆ. ಡಿಕ್ಕಿಯ ರಬ್ಬರ್ ಸವೆದಿದ್ದರೆ, ಫ್ಲೋರಿನ ಒಂದು ರಬ್ಬರ್ ಬಿರಡೆ ಬಿದ್ದುಹೋಗಿದ್ದರೆ ಸಾಕು, ಒಳಗೆ ದಾರಿ ಸಿಗುತ್ತದೆ. ಸಿಎನ್‌ಜಿ ಗಾಡಿ, ಹೊಗೆಯೇ ಕಾಣಲ್ಲ ಅನ್ನಬೇಡ. ಅದರಲ್ಲೂ ಈ ವಿಷ ಇದ್ದೇ ಇದೆ. ಗ್ಲಾಸ್ ಸ್ವಲ್ಪ ಇಳಿಸಿ ಎಂಜಿನ್ ಓಡಿಸಿದರೆ ಪರವಾಗಿಲ್ಲ ಅನ್ನುವವರೂ ಇದ್ದಾರೆ. ಅದನ್ನಂತೂ ಕೇಳಲೇಬೇಡ. ಒಂದೊಂದು ಸಲ ಆ ಸಂದಿಯಿಂದಲೇ ಹೊಗೆ ಒಳಗೆ ಬರುತ್ತದೆ.

2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ, ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ (ಒಳಗೇ ಮಲಗುವ ಸೌಕರ್ಯವಿರುವ ದೊಡ್ಡ ವ್ಯಾನು) ಇಬ್ಬರು ತೀರಿಕೊಂಡರಲ್ಲ, ಅದೂ ಹೀಗೇ. ಜನರೇಟರಿನ ಹೊಗೆ ಒಳಗೆ ಸೇರಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು.

ಹಾಗಾಗಿ ಮಲಗುವ ಮುಂಚೆ ಹತ್ತು ನಿಮಿಷ ಎ.ಸಿ. ಓಡಿಸಿ ತಂಪು ಮಾಡಿಕೋ, ಆಮೇಲೆ ಕೀ ತಿರುಗಿಸಿ ಆಫ್ ಮಾಡು. ಮುಂದಿನ ಎಡಗಡೆ ಗ್ಲಾಸನ್ನೂ ಹಿಂದಿನ ಬಲಗಡೆಯದನ್ನೂ ಸ್ವಲ್ಪ ಇಳಿಸು, ಗಾಳಿ ಅಡ್ಡಡ್ಡ ಆಡುತ್ತದೆ. ಬಾಗಿಲಿಗೆ ತೊಡಿಸುವ ಸೊಳ್ಳೆ ಪರದೆ ಸಿಗುತ್ತದೆ, ತಗೋ. ಮಳೆಗಾಲಕ್ಕೆ ಡೋರ್ ವೈಸರ್, ಅಂದರೆ ಕಿಟಕಿ ಮೇಲೆ ಅಂಟಿಸುವ ಮಳೆತಡೆ ಪಟ್ಟಿ, ಹಾಕಿಸು. ಸೊಳ್ಳೆ ಬತ್ತಿ ಮಾತ್ರ ಗಾಡಿಯೊಳಗೆ ಹಚ್ಚಲೇಬೇಡ, ಅದೂ ಹೊಗೆಯೇ ಅಲ್ವಾ? ಬೇಸ್‌ಮೆಂಟಿನಲ್ಲಿ ಮಲಗಬೇಡ. ಪಕ್ಕದಲ್ಲಿ ಎಂಜಿನ್ ಓಡಿಸಿಕೊಂಡು ನಿಂತ ಗಾಡಿ ಇದ್ದರೆ ಜಾಗ ಬದಲಿಸು. ಅವನ ಹೊಗೆ ನಿನ್ನ ಕಿಟಕಿಗೆ ಬರುತ್ತದೆ.

ತಲೆನೋವು, ಸುತ್ತು, ವಾಕರಿಕೆ ಬಂದರೆ ಪಿತ್ತ ಅಂತ ಸುಮ್ನೆ ಮಲಗಬೇಡ. ತಕ್ಷಣ ಇಳಿದು ಬಯಲಿಗೆ ಬಾ, 108ಕ್ಕೆ ಫೋನ್ ಮಾಡು. ಎಂಜಿನ್ ಓಡುತ್ತಿತ್ತು ಅಂತ ಡಾಕ್ಟರಿಗೆ ಹೇಳು. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡ. ಈ ವಿಷ ಹಿಡಿದ ರಕ್ತವನ್ನೂ ಅದು ಆಮ್ಲಜನಕದ ರಕ್ತ ಅಂತಲೇ ಲೆಕ್ಕ ಹಾಕುತ್ತದೆ.

ನಾಳೆ ಬೆಳಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಎತ್ತು. ಪುಟ್ ಪುಟ್ ಅಂತ ಸದ್ದು ಬಂದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಅಂದರೆ ಎಂಜಿನ್‌ಗೂ ಹೊಗೆ ಪೈಪಿಗೂ ನಡುವಿನ ಸೀಲು, ಸುಟ್ಟಿರಬಹುದು. ಪೈಪಿನ ಜಾಯಿಂಟಿನ ಸುತ್ತ ಕಪ್ಪು ಮಸಿ ಇದ್ದರೆ ಅಲ್ಲಿ ಲೀಕ್ ಇದೆ. ಏನೂ ಕಾಣದಿದ್ದರೂ ರಜೆ ಸಿಕ್ಕಾಗ ಗಾಡಿ ತಗೊಂಡು ಬಾ. ಮೇಲೆತ್ತಿ ಸೈಲೆನ್ಸರ್ ಪೂರ್ತಿ ನೋಡಿಬಿಡೋಣ.

ಇಂತಿ,
ನಿನ್ನ ಸೋದರಮಾವ