ಚೌತಿಗೆ ಸ್ಟ್ಯಾಂಡ್‌ಬೈ ನಂಬಿ ಕೂರಬೇಡ

ಅಂಕೋಲಾ

ಚಿ. ತಂಗಿಗೆ ದೊಡ್ಡಪ್ಪನ ಆಶೀರ್ವಾದ.

ವಿಮಾನ ಕಂಪನಿಯಲ್ಲಿ ಕೆಲಸವಾಯಿತು, ಸ್ಟಾಫ್ ಟಿಕೆಟ್ ಸಿಗುತ್ತದೆ, ಇನ್ನು ಬೇಕಾದಾಗ ಊರಿಗೆ ಬರುತ್ತೇನೆ ಎಂದು ಬರೆದಿದ್ದೀಯ. ಬೇಕಾದಾಗ ಅಲ್ಲ ತಂಗಿ, ಸೀಟು ಮಿಕ್ಕಾಗ; ಸ್ಟ್ಯಾಂಡ್‌ಬೈ ಎಂದರೆ ಅದೇ. ನಿನ್ನ ಸ್ಟಾಫ್ ಟಿಕೆಟಿನ ಮೇಲಿನ ಐಡಿ-90 ಎಂದರೆ ಮೂಲದರದಲ್ಲಿ ನೂರಕ್ಕೆ 90 ರಿಯಾಯಿತಿ. ತೆರಿಗೆ, ನಿಲ್ದಾಣದ ಶುಲ್ಕ ಬೇರೆ ಕಟ್ಟಬೇಕು. ಅಗ್ಗದ ದರ ನಡೆಯುವ ದಿನಗಳಲ್ಲಿ ಕನ್ಫರ್ಮ್ ಟಿಕೆಟಿಗೂ ಇದಕ್ಕೂ ಅಂತರ ತೀರಾ ಕಡಿಮೆಯಾಗುವುದುಂಟು. ಎರಡನ್ನೂ ಕೂಡಿಸಿ ನೋಡಿಯೇ ತಗೊ.

ಸೀಟ್ ಮ್ಯಾಪ್ ನಂಬಬೇಡ. ಅಲ್ಲಿ ಖಾಲಿ ಕಾಣುವ ಎಷ್ಟೋ ಸೀಟು ಮಾರಾಟವಾದವೇ. ಪ್ರಯಾಣಿಕರು ಸೀಟು ಆರಿಸಿರುವುದಿಲ್ಲ, ಅಷ್ಟೆ. ಮೂರು ಅಂಕಿ ಕೇಳು: ಒಟ್ಟು ಸೀಟು, ಬುಕ್ ಆದದ್ದು, ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿ ನಿನ್ನ ಮುಂದಿರುವವರು. 180 ಸೀಟಿಗೆ 172 ಬುಕ್ ಆಗಿದೆ, ನಿನ್ನ ಮುಂದೆ 11 ಜನ ಎಂದಿಟ್ಟುಕೊ. ಬುಕ್ ಮಾಡಿದವರಲ್ಲಿ ಮೂವರು ಬಾರದೇ ಹೋದರೂ ಸೀಟು ಹನ್ನೊಂದನೆಯವರಿಗೇ ಮುಗಿಯುತ್ತದೆ. ಡ್ಯೂಟಿ ಮೇಲೆ ಹೋಗುವವರು ಮೊದಲು, ರಜೆಯವರು ಆಮೇಲೆ. ರಜೆಯವರಲ್ಲಿ ಕೆಲವು ಕಂಪನಿ ಕೆಲಸಕ್ಕೆ ಸೇರಿದ ತಾರೀಖು ನೋಡುತ್ತವೆ, ಕೆಲವು ಚೆಕ್-ಇನ್ ಮಾಡಿದ ಹೊತ್ತು. ನಿಮ್ಮಲ್ಲಿ ಯಾವುದೆಂದು ಈಗಲೇ ಕೇಳಿಟ್ಟುಕೊ. ಹೊತ್ತು ನೋಡುವುದಾದರೆ ತೆರೆದ ನಿಮಿಷಕ್ಕೇ ಚೆಕ್-ಇನ್ ಮುಗಿಸು.

ಹಿಡಿದರೆ ಬೆಳಗಿನ ಮೊದಲ ವಿಮಾನ ಹಿಡಿ. ಅದರಲ್ಲಿ ಸೀಟು ಸಿಗದೆ ಉಳಿದವರೆಲ್ಲ ಮುಂದಿನದಕ್ಕೆ ಬಂದು ಸೇರುತ್ತಾರೆ, ಸಂಜೆಗೆ ಪಟ್ಟಿ ಹನುಮಂತನ ಬಾಲ. ನಿನ್ನ ಹೆಸರು ತಾನಾಗಿಯೇ ಮುಂದಕ್ಕೆ ಹೋಯಿತು ಎಂದು ಕೂತುಬಿಡಬೇಡ, ಗೇಟಿನಲ್ಲಿ ವಿಚಾರಿಸು.

ಮಳೆಗಾಲದ ಗೋಳೇ ಬೇರೆ. ಗೋವೆಯ ದಾಬೋಲಿಂ ನಿಲ್ದಾಣದ ಮೇಲೆ ಮಳೆ ಹೊಡೆಯುವಾಗ ಆಕಾಶದಲ್ಲಿ ಸುತ್ತಬೇಕಾದೀತು, ಬೇರೆ ನಿಲ್ದಾಣಕ್ಕೆ ತಿರುಗಬೇಕಾದೀತು ಎಂದು ಇಂಧನ ಹೆಚ್ಚು ತುಂಬಿಸುತ್ತಾರೆ. ಒದ್ದೆ ರನ್‌ವೇಯಲ್ಲಿ ಇಳಿಯುವ ತೂಕದ ಲೆಕ್ಕವೂ ಬಿಗಿ. ತೂಕ ಇಳಿಸಬೇಕಾಗಿ ಬಂದರೆ ಮೊದಲು ಕೆಳಗೆ ಉಳಿಯುವವರು ಸ್ಟ್ಯಾಂಡ್‌ಬೈಯವರು. ಸೀಟು ಖಾಲಿ ಇದ್ದೂ ಬಿಟ್ಟುಹೋದರು ಎಂದು ಗೇಟಿನವರ ಮೇಲೆ ಹರಿಹಾಯಬೇಡ, ಆ ಲೆಕ್ಕ ಅವರ ಕೈಯಲ್ಲಿಲ್ಲ. ಹುಬ್ಬಳ್ಳಿಗೆ ಎಟಿಆರ್ ಎಂಬ ಸಣ್ಣ ವಿಮಾನ ಹಾಕಿದ ದಿನವಂತೂ ಮಿಗುವ ಸೀಟೇ ಬೆರಳೆಣಿಕೆಯಷ್ಟು.

ಗೋವೆ ಎಂದು ಸ್ಟ್ಯಾಂಡ್‌ಬೈಗೆ ಹೆಸರು ಹಾಕುವಾಗ ದಾಬೋಲಿಮ್ಮೋ ಮೋಪಾವೋ ನೋಡು. ಮೋಪಾ ಗೋವೆಯ ಬಡಗಣ ತುದಿ. ಅಲ್ಲಿಂದ ನಮ್ಮ ಕಡೆಗೆ ಟ್ಯಾಕ್ಸಿ ಮಾಡಿದರೆ ಟಿಕೆಟಿನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೇ. (ನಮ್ಮ ಅಲಗೇರಿಯ ವಿಮಾನ ನಿಲ್ದಾಣ ಆದಾಗ ಆಯಿತು.)

ಕೈಚೀಲ ಒಂದೇ ಇರಲಿ. ವಾಪಸ್ ಹೋಗುವಾಗ ಮಿಡಿ ಉಪ್ಪಿನಕಾಯಿ ಅದರಲ್ಲಿ ತುರುಕಬೇಡ, ಸೆಕ್ಯುರಿಟಿಯವರು ತೆಗೆಸಿದರೂ ತೆಗೆಸಿಯಾರು. ಆಯಿಯನ್ನು ಕರೆದೊಯ್ಯುವುದಾದರೆ ಇಬ್ಬರ ಹೆಸರೂ ಒಂದೇ ಪಿಎನ್‌ಆರ್‌ನಲ್ಲಿದ್ದು ಸೀಟು ಒಂದೇ ಮಿಕ್ಕರೆ ಏನು ಮಾಡುತ್ತಾರೆ ಎಂದು ಮೊದಲೇ ಕೇಳು. ಅವಳೊಬ್ಬಳನ್ನೇ ಸ್ಟ್ಯಾಂಡ್‌ಬೈಯಲ್ಲಿ ಕಳಿಸಲೇಬೇಡ.

ಚೌತಿಗೆ ಮಾತ್ರ ಪಂಚಗಂಗಾ ಎಕ್ಸ್‌ಪ್ರೆಸ್ ರೈಲೇ ಸರಿ. ಬುಕಿಂಗ್ 60 ದಿನ ಮೊದಲು, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಟಿಕೆಟ್ ಆದ ಕೂಡಲೇ ತಿಳಿಸು, ಸ್ಟೇಷನ್ನಿಗೆ ನಿನ್ನ ಅಪ್ಪನನ್ನು ಕಳಿಸುತ್ತೇನೆ.

ಇಂತಿ,
ದೊಡ್ಡಪ್ಪ