500 ರೂಪಾಯಿ, 5 ಕೆಜಿ ಅಕ್ಕಿ ಮತ್ತ ಬಾಗ್ಲ ಹಿಂದಿನ ಗೆರಿ

ದೋಸ್ತ,

ಆರಾಮ ಅದಿಯಲ್ಲ? ಮೊನ್ನೆ ಫೋನ್‌ನ್ಯಾಗ ಅಂದಿ ನೋಡು, ಕೊರೋನಾದಾಗ ಸರ್ಕಾರ ಅಕ್ಕಿ ಕೊಡ್ತು ರೊಕ್ಕ ಹಾಕ್ತು, ಬಡ ಹೆಣ್ಮಕ್ಕಳು ಹೆಂಗೋ ದಾಟಿದ್ರು ಅಂತ. ಆ 'ಹೆಂಗೋ' ಏನಂತ ಬರೀತೀನಿ ಕೇಳು.

ನಮ್ಮ ಕೊಪ್ಪಳದ ಭಾಗ್ಯನಗರದಾಗ ಕೂದಲದ ಕೆಲಸ ನಿನಗ ಗೊತ್ತೈತಿ. ಉದುರಿದ ಕೂದಲದ ಗಂಟು ತಂದು ಕಟ್ಟಿ ಮ್ಯಾಲೆ ಕುಂತು ಸೂಜಿಲೆ ಎಳಿ ಎಳಿ ಬಿಡಿಸೋದು, ತೂಕದ ಮ್ಯಾಲೆ ಕೂಲಿ, ಧೂಳಿಗೆ ಕೆಮ್ಮು ಬ್ಯಾರೆ. ಲಾಕ್‌ಡೌನ್ ಬಂದದ್ದು 2020ರ ಮಾರ್ಚ್ 25ಕ್ಕ, ಆದ್ರ ಚೀನಾಕ್ಕ ಹೋಗೋ ಮಾಲು ಅದಕ್ಕಿಂತ ಮೊದ್ಲ ನಿಂತಿತ್ತು, ಹಂಗಾಗಿ ಈ ಕೆಲಸ ಮಾಡೋ ಹೆಣ್ಮಕ್ಕಳ ಕೈ ಎಲ್ಲಾರಿಗಿಂತ ಮೊದ್ಲ ಖಾಲಿ ಆತು.

ಜನಧನ ಖಾತೆಗೆ ತಿಂಗಳಿಗೆ 500ರಂಗ ಮೂರು ತಿಂಗಳು ಬಂತು, ತಲೆಗೆ 5 ಕೆಜಿ ಅಕ್ಕಿನೂ ಬಂತು, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮದು ರೊಟ್ಟಿ ಉಣ್ಣೋ ಮಂದಿ, ಜ್ವಾಳ ಎಲ್ಲಿಂದ, ಎಣ್ಣಿ ಎಲ್ಲಿಂದ? ನಮ್ಮ ಓಣಿ ಅಕ್ಕಾರ ಮನ್ಯಾಗ ಅಡಗಿಮನಿ ಬಾಗ್ಲ ಹಿಂದ ಸೀಮೆಸುಣ್ಣದ ಗೆರಿ ನೋಡೀನಿ, ಯಾರ ಕಡೆ ಎಷ್ಟು ಜ್ವಾಳ ಇಸ್ಕೊಂಡೀನಿ, ಯಾರಿಗೆ ಎಣ್ಣಿ ಕೊಟ್ಟೀನಿ, ಎಲ್ಲಾ ಅಲ್ಲೇ. ತಿರುಗಿ ಕೊಟ್ಟಾಗ ಸೆರಗಿಲೆ ಒಂದು ಗೆರಿ ಒರಸೋದು. ಓಣಿ ತುಂಬ ಇದ ನಡೀತು, ಬಡ್ಡಿ ಇಲ್ಲ, ಸಹಿ ಇಲ್ಲ.

ಉದ್ಯೋಗ ಖಾತ್ರಿ ಕೂಲಿ ದಿನಕ್ಕ 249 ರೂಪಾಯಿ ಇದ್ದದ್ದು 275 ಆತಲ್ಲ, ಅದು ಹಳ್ಳಿಯೋರಿಗೆ ಪಾ. ಭಾಗ್ಯನಗರ ಪಟ್ಟಣ ಪಂಚಾಯ್ತಿ, ಇಲ್ಲಿ ಖಾತ್ರಿ ಎಲ್ಲಿತ್ತು? ಒಬ್ಬಾಕಿ ತವರಿಗೆ ಹೋಗಿ ಕೆರಿ ಹೂಳು ಹೊತ್ತು ಬಂದ್ಲು, ಅಲ್ಲಿ ಜಾಬ್ ಕಾರ್ಡ್‌ನ್ಯಾಗ ಆಕಿ ಹೆಸ್ರು ಇನ್ನೂ ತಗದಿದ್ದಿಲ್ಲ ಅಂತ.

ದೊಡ್ಡ ತ್ರಾಸು ಗುಂಪಿನ ಸಾಲದ್ದು. ಆಗಸ್ಟ್‌ತನ ಕಂತು ಮುಂದ ಹಾಕಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು, ಆದ್ರ ಬಡ್ಡಿ ಓಡ್ತಿರ್ತೈತಿ ಅಂತ ಇವರಿಗೆ ಬಿಡಿಸಿ ಹೇಳಿದೋರು ಯಾರು? ಒಬ್ಬಾಕಿ ಕಟ್ಟದಿದ್ರ ಉಳಿದೋರ ಮ್ಯಾಲೆ ಬೀಳ್ತೈತಿ, ಅದಕ್ಕ ಅಕ್ಕಾರು ತಾಳಿಯಾಗಿನ ಗುಂಡು ಗಿರವಿ ಇಟ್ರು, ಗಂಡಗ ಹೇಳಲಾರದ. ರಾತ್ರಿ ಮಕ್ಕಳಿಗೆ ನೀಡಿ ತಾವು ನೀರು ಕುಡದು ಮಲ್ಕೊಂಡದ್ದೂ ಹೇಳಲಾರದ. ಇದನ್ನ 'ಹೆಣ್ಮಕ್ಕಳ ತಾಕತ್ತು' ಅಂತ ಸ್ಟೇಟಸ್ ಹಾಕ್ತಾರಲ್ಲ, ನನಗ ಮೈ ಉರೀತೈತಿ, ಬ್ಯಾರೆ ದಾರಿ ಇದ್ರ ಯಾರು ಉಪಾಸ ಇರ್ತಿದ್ರು?

ಈಗ ಕೂದಲದ ಕೆಲಸ ಮತ್ತ ನಡದೈತಿ. ಆಗಿನ ಸಾಲ ತೀರಸಾಕ ಅಕ್ಕಾರು ಇನ್ನೊಂದು ಗುಂಪಿನ್ಯಾಗ ಸಾಲ ತಗದಾರ, ಗುಂಡು ಇನ್ನೂ ಬಿಡಿಸಿಲ್ಲ.

ಗವಿಮಠದ ಜಾತ್ರಿಗೆ ಬರ್ತಿಯೋ ಇಲ್ಲೋ ತಿಳಿಸು.

ನಿನ್ನ ದೋಸ್ತ