ಅವ್ವನಿಗೆ ಓದಿ ಹೇಳಿ

ಹೇಗ್, ಭಾನುವಾರ

ಪ್ರೀತಿಯ ಅಪ್ಪನಿಗೆ ಪೊನ್ನಮ್ಮ ಮಾಡುವ ನಮಸ್ಕಾರಗಳು. ನಾನು ಕ್ಷೇಮ.

ನಾನು ಹತ್ತಲಿರುವ ಹಾಯಿಹಡಗು 1911ರಲ್ಲಿ ಕಟ್ಟಿದ್ದೆಂದು ಬೋಪಣ್ಣ ಹೇಳಿದ ದಿನದಿಂದ ಅವ್ವನಿಗೆ ನಿದ್ದೆಯಿಲ್ಲ, ಬಿ.ಪಿ. ಏರಿದೆ, ಡಾಕ್ಟರು ಮಾತ್ರೆ ಬದಲಿಸಿದ್ದಾರೆ ಎಂದು ನೀವು ಬರೆದದ್ದನ್ನು ಓದಿ ನನ್ನ ನಿದ್ದೆಯೂ ಹೋಯಿತು. ಆದ್ದರಿಂದ ಆ ಹಡಗಿನ ಕಥೆಯನ್ನೇ ಬರೆಯುತ್ತಿದ್ದೇನೆ. ಅವ್ವನಿಗೆ ನಿಧಾನವಾಗಿ ಓದಿ ಹೇಳಿ.

ಈಗ ಅದರ ಹೆಸರು ಯೂರೋಪಾ. ಹ್ಯಾಂಬರ್ಗ್‌ನಲ್ಲಿ ಕಟ್ಟಿದಾಗ ಅದು ಸೆನೆಟರ್ ಬ್ರೊಕೆಸ್ ಎಂಬ ದೀಪನೌಕೆಯಾಗಿತ್ತು. ದೀಪಸ್ತಂಭ ಕಟ್ಟಲಾಗದ ಕಡೆ, ಎಲ್ಬೆ ನದಿ ಸಮುದ್ರ ಸೇರುವಲ್ಲಿ, ಲಂಗರು ಹಾಕಿ ನಿಂತು, ಮರಳುದಿಬ್ಬಗಳ ನಡುವಿನ ದಾರಿಯನ್ನು ಬೇರೆ ಹಡಗುಗಳಿಗೆ ಬೆಳಕಿನಿಂದ ತೋರಿಸುವುದು ಅದರ ಕೆಲಸ. ಬಿರುಗಾಳಿ ಎದ್ದರೆ ಉಳಿದವು ಬಂದರು ಸೇರಿಕೊಳ್ಳಬಹುದು, ಇದು ಮಾತ್ರ ಅಂಥ ರಾತ್ರಿಯೇ ಜಾಗ ಬಿಡುವಂತಿರಲಿಲ್ಲ. ಮಿಲಿಟರಿಯಲ್ಲಿ ಕಾವಲು ನಿಂತ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ದಶಕಗಳ ಕಾಲ ಆ ಅಲೆಗಳ ಪೆಟ್ಟನ್ನು ತಡೆದ ಉಕ್ಕಿನ ಒಡಲು ಅದು, ಅವ್ವ ಅಂದುಕೊಂಡಂತೆ ಹಳೆಯ ಮರದ ದೋಣಿಯಲ್ಲ.

1986ರಲ್ಲಿ ಡಚ್ಚರು ಅದನ್ನು ಕೊಂಡು, ವರ್ಷಗಟ್ಟಲೆ ದುಡಿದು, 1994ರ ಹೊತ್ತಿಗೆ ಹಾಯಿ ಕಟ್ಟುವ ಮೂರು ಕೂವೆಮರಗಳ, ಬಾರ್ಕ್ ಎಂಬ ಬಗೆಯ ಹಾಯಿಹಡಗಾಗಿ ಮಾರ್ಪಡಿಸಿದರು. ನಮ್ಮ ನೌಕಾಪಡೆಯ ತರಂಗಿಣಿಯೂ ಇದೇ ಬಗೆಯ ಹಡಗು. 1997ರಲ್ಲಿ ಗೋವಾದಲ್ಲಿ ಸಿದ್ಧವಾದ ಅದು 2003-04ರಲ್ಲಿ ಭೂಮಿಯನ್ನೇ ಸುತ್ತಿ ಬಂದಿತು. ಯೂರೋಪಾ ಕೂಡ ಅಂಟಾರ್ಕ್ಟಿಕಾದ ಹಿಮದವರೆಗೆ ಎಷ್ಟೋ ಸಲ ಹೋಗಿ ಬಂದಿದೆ.

ಯೂರೋಪಾದ ಪದ್ಧತಿ ಕೇಳಿದರೆ ನಿಮಗೆ ಆಶ್ಚರ್ಯವಾದೀತು: ಹಣ ಕೊಟ್ಟು ಹತ್ತಿದವರೂ ಪಾಳಿಯ ಮೇಲೆ ಚುಕ್ಕಾಣಿ ಹಿಡಿಯಬೇಕು, ಹಗ್ಗ ಎಳೆಯಬೇಕು, ನಡುರಾತ್ರಿ ಎದ್ದು ಕಾವಲಿರಬೇಕು. ಕೆಲಸ ಕಲಿಯುವುದಕ್ಕೇ ಅಲ್ಲಿಗೆ ಹೋಗುವುದೆಂಬುದು ನನಗೆ ಬಹಳ ಹಿಡಿಸಿತು. ಕೂವೆಮರ ಹತ್ತುವವರು ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳಲೇಬೇಕು. ನಮ್ಮ ತೋಟದಲ್ಲಿ ಕರಿಮೆಣಸು ಕುಯ್ಯಲು ಬಿದಿರೇಣಿ ಹತ್ತುವವರಿಗೆ ಆ ಪಟ್ಟಿಯೂ ಇಲ್ಲ, ಅವರಿಗೂ ಅಂಥದ್ದನ್ನು ತರಿಸಬೇಕೆಂದು ನನ್ನ ಆಸೆ.

ನಾನು ಹೋಗುವುದು ಮೂರೇ ವಾರಕ್ಕೆ. ಭಯಪಡುವಂಥದ್ದು ಏನೂ ಇಲ್ಲ, ನಿಜವಾಗಿಯೂ ಇಲ್ಲ. ದಡ ಸೇರಿದ ಕೂಡಲೇ ಮೊದಲ ಫೋನು ಅವ್ವನಿಗೇ. ಹೊಸ ಮಾತ್ರೆಯ ಹೆಸರನ್ನು ಬೋಪಣ್ಣನ ಕೈಯಲ್ಲಿ ಬರೆಸಿ ಕಳುಹಿಸಿ. ಅವ್ವ ಉಪ್ಪಿನಕಾಯಿ ಮುಟ್ಟದಂತೆ ನೋಡಿಕೊಳ್ಳಿ. ಹುತ್ತರಿಗೆ ಖಂಡಿತ ಬರುತ್ತೇನೆ. ಬಸ್ಸಿಗೆ ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಮಗಳು
ಪೊನ್ನಮ್ಮ